ತಟ್ಟದ ಕೈ

ಮೆಟ್ರಿ, ಕಂಪ್ಲಿ ತಾಲ್ಲೂಕು
೨೯ ಜನವರಿ ೨೦೨೫, ಬುಧವಾರ, ಅಮಾವಾಸ್ಯೆ

ಸಂಡೂರಿನಲ್ಲಿ ದೊಡ್ಡವ್ವನ ಮನೆಯ ಒಳಕೋಣೆ ಸೇರಿಕೊಂಡಿರುವ ನನ್ನ ಮಗಳು ಪಂಪಾವತಿಗೆ,

ನಿನ್ನ ಅವ್ವ ಜಂಬವ್ವ ತಲೆ ಸವರಿ ಮಾಡುವ ಆಶೀರ್ವಾದ. ಇತ್ತ ಕಡೆ ನಾವೆಲ್ಲ ಕ್ಷೇಮ, ಅತ್ತ ಕಡೆ ನಿನ್ನ ಕ್ಷೇಮ ತಿಳಿಸು ಅಂತ ಮೊದಲ ಸಾಲು ಬರೆಯಬೇಕು. ಬರೆದಿದ್ದೇನೆ ಅಂತ ತಿಳಿದುಕೋ, ಮುಂದಕ್ಕೆ ಹೋಗೋಣ.

ಇವತ್ತು ಅಮಾವಾಸ್ಯೆ, ಗದ್ದೆಗೆ ಯಾರೂ ಇಳಿದಿಲ್ಲ. ಅದಕ್ಕೇ ಕೂತು ಬರೆಯಲು ಪುರುಸೊತ್ತು ಸಿಕ್ಕಿದೆ. ನೀನು ಹೋಗಿ ಹನ್ನೆರಡು ದಿನವಾಯಿತು. ಫೋನು ಎಷ್ಟು ಸಲ ಹಚ್ಚಿದೆ ಅಂತ ಕೇಳಬೇಡ. ಮೊದಮೊದಲು ರಿಂಗಾದರೂ ಆಗುತ್ತಿತ್ತು. ಈಗ ಆ ಹೆಂಗಸು ಬಂದು, ನೀವು ಕರೆ ಮಾಡಿರುವ ಚಂದಾದಾರರು ಅಂತ ಶುರು ಮಾಡುತ್ತಾಳೆ. ಮೊನ್ನೆ ಅವಳಿಗೇ ಕೇಳಿಬಿಟ್ಟೆ, ಯವ್ವಾ, ನನ್ ಮಗಳಿಗೆ ಕೊಡವ್ವ ಫೋನು ಅಂತ. ಪಕ್ಕದಲ್ಲಿದ್ದ ನಾಟಿ ಗುಂಪಿನ ದುರ್ಗಕ್ಕ ಬಿದ್ದು ಬಿದ್ದು ನಕ್ಕಳು. ನಾನೂ ನಗಲು ಹೋದೆ, ಅಳು ಬಂತು.

ಹೋದ ಭಾನುವಾರ ಧ್ವಜ ಹಾರಿಸುವ ದಿನ. ಬಸ್ಸಿನ ತುಂಬ ಬಾವುಟ ಹಿಡಿದ ಶಾಲೆ ಮಕ್ಕಳು. ಅವರ ನಡುವೆ ನಿಂತುಕೊಂಡೇ ಕಂಪ್ಲಿ, ಅಲ್ಲಿಂದ ಹೊಸಪೇಟೆ, ಅಲ್ಲಿಂದ ಸಂಡೂರಿಗೆ ಬಂದೆ. ನಿನಗೆ ಗೊತ್ತು ನಾನು ಬಂದದ್ದು. ಅಕ್ಕ ಚೆನ್ನಬಸಮ್ಮ ನೆಲ ನೋಡುತ್ತಾ, ವೇಬ್ರಿಡ್ಜಿಗೆ ಹೋಗ್ಯಾಳ, ಲಾರಿ ತೂಕದ ಚೀಟಿ ಬರಿಯಾಕ, ಸಂಜಿಗೆ ಬರ್ತಾಳ ಅಂದಳು. ಪಾಪ, ಅವಳಿಗೆ ಸುಳ್ಳು ಹೇಳಲು ಬರುವುದಿಲ್ಲ. ನಮ್ಮ ಮನೆತನದಲ್ಲಿ ಆ ವಿದ್ಯೆ ಒಲಿದದ್ದು ನನಗೊಬ್ಬಳಿಗೇ. ಬಾಗಿಲಲ್ಲಿ ನಿನ್ನ ಚಪ್ಪಲಿ ಇದ್ದವು. ಎಡಗಾಲಿನದು ಉಂಗುಷ್ಟ ಕಿತ್ತಾಗ ನಾನೇ ದಾರ ಹಾಕಿ ಹೊಲಿದದ್ದು, ನನಗೆ ಗುರುತು ಸಿಗುವುದಿಲ್ಲವಾ? ಒಳಗೆ ಕೇಳಲಿ ಅಂತ ಗಟ್ಟಿಯಾಗಿ ಮಾತಾಡಿದೆ. ಕೆಮ್ಮಿದೆ. ಟೀ ಲೋಟ ಕೈ ಜಾರಿ ಬಿದ್ದು ಅಕ್ಕನ ಹೊಸ ಚಾಪೆ ಹಾಳಾಯಿತು. ಅಷ್ಟು ಸದ್ದಾದರೂ ನೀನು ಹೊರಗೆ ಬರಲಿಲ್ಲ. ಕೊನೆಯ ಬಸ್ಸು ತಪ್ಪುತ್ತದೆ ಅಂತ ಎದ್ದೆ. ಹೋಗುವಾಗ ನಿನ್ನ ಚಪ್ಪಲಿಯನ್ನು ಕಾಲಲ್ಲೇ ಸರಿಸಿ ಜೋಡಿಸಿಟ್ಟೆ.

ಈ ಭಾನುವಾರ ಗೋವಾದ ದೊಡ್ಡ ಗುರುಗಳು ಹೊಸಪೇಟೆಗೆ ಬರುತ್ತಾರೆ. ನಿನಗೆ ಕಪ್ಪು ಬೆಲ್ಟ್ ಕಟ್ಟಬೇಕು ಅಂತಲೇ ಬರುವುದು. ಮಾರೇಶ್ ಸರ್ ನಮ್ಮ ಮನೆಗೇ ಬಂದಿದ್ದರು. ಹಂಪಿಯ ಬಂಡೆ ಹತ್ತಲು ಬಂದ ಪರದೇಶದವರ ಹತ್ತಿರ ಈ ಬೆಲ್ಟಿನ ಕುಸ್ತಿಯನ್ನು ಒಂದೊಂದೇ ಪಟ್ಟು ಬೇಡಿ ಕಲಿತು ನಿನಗೆ ಕಲಿಸಿದ ಮನುಷ್ಯ. ಅವರಿಗೇ ಕಪ್ಪು ಬೆಲ್ಟಿಗೆ ಹನ್ನೊಂದು ವರ್ಷ ಹಿಡಿಯಿತಂತೆ. ಈಕಿಗೆ ಆರು ವರ್ಷನೂ ತುಂಬಿಲ್ರಿ ಅವ್ವಾ, ಈ ಕಡೆ ಯಾವ ಹುಡುಗಿಯೂ ಇಷ್ಟು ಜಲ್ದಿ ಬಂದಿಲ್ಲ, ಈ ಸಲ ತಪ್ಪಿದ್ರ ಗುರುಗಳು ಮತ್ತ ಬರೋದು ಯಾವಾಗೋ ಅಂದರು. ಗೋಡೆಯ ಮೊಳೆಗೆ ನೇತುಹಾಕಿದ ನಿನ್ನ ಕಂದು ಬೆಲ್ಟನ್ನು ಮುಟ್ಟಿ ನೋಡಿದರು. ಯಾಕೆ ಬಿಟ್ಟಳು ಅಂತ ಕೇಳಿದರು. ನನಗೆ ಗೊತ್ತಿಲ್ಲ ಅಂದೆ.

ನನಗೆ ಗೊತ್ತು. ನಿನ್ನ ನೋಟ್‌ಬುಕ್ ಓದಿದ್ದೇನೆ.

ಬೈಯುವುದಿದ್ದರೆ ಬಂದು ಬೈ. ಮೇಲೆ ‘ಮನಸ್ಸಿನ ವ್ಯಾಯಾಮ’ ಅಂತ ಚೀಟಿ ಅಂಟಿಸಿದ ಆ ಉದ್ದನೆಯ ಪುಸ್ತಕವನ್ನು ಅಕ್ಕಿ ಡಬ್ಬಿಯ ಹಿಂದೆ ಇಟ್ಟು ಹೋದರೆ ಅಡುಗೆ ಮಾಡುವವಳಿಗೆ ಕಾಣದೆ ಇರುತ್ತದಾ? ಎಸ್ಸೆಸ್ಸೆಲ್ಸಿ ಫೇಲಾದರೂ ಮಗಳ ಅಕ್ಷರ ಓದಲು ಬರುತ್ತದೆ. ಕಣ್ಣು ಮುಚ್ಚಿ ಒಂದು ಇಡೀ ಕುಸ್ತಿಯನ್ನು ಮನಸ್ಸಿನಲ್ಲೇ ಆಡಿದ್ದು, ಎಲ್ಲಿ ಉಸಿರು ಕಟ್ಟಿತು, ಎಲ್ಲಿ ಭಯ ಬಂತು, ಎಲ್ಲ ದಿನಾಂಕ ಹಾಕಿ ಬರೆದಿದ್ದೀ. ಒಂದು ಕಡೆ, ಎದುರಾಳಿಯ ಮುಖ ಬರುವುದಿಲ್ಲ, ಕೈ ಮಾತ್ರ ಬರುತ್ತವೆ, ಅವ್ವನ ಕೈ ಅಂತ ಇದೆ. ಅದನ್ನು ಓದಿ ಪುಸ್ತಕ ಮುಚ್ಚಿಟ್ಟು ಒಲೆ ಮುಂದೆ ಕೂತುಬಿಟ್ಟೆ. ಸಾರು ಸೀದುಹೋಯಿತು.

ಕೊನೆಯ ಪುಟವನ್ನು ನೀನು ಹದಿನೇಳನೇ ತಾರೀಖು ಬರೆದದ್ದು. ಬಾಯಿಪಾಠ ಆಗಿದೆ ನನಗೆ. “ಬಿಡು ಅಂತ ಅವ್ವ ತಟ್ಟಿದಳು ಅನ್ನಿಸುತ್ತದೆ. ಬೆನ್ನ ಮೇಲೆ ಏನೋ ಮೆತ್ತಗೆ ಬಂದು ಹತ್ತಿತು. ನಾನು ಅದನ್ನು ದಾಟಿ, ಹಿಡಿತ ಬಿಡದೆ ಮೂರು ಉಸಿರು ಎಣಿಸಿದೆ. ಕೇಳಿದರೆ ಅವ್ವ ಇಲ್ಲ ಅನ್ನುತ್ತಾಳೆ. ತಟ್ಟಿದ್ದು ನಿಜವಾದರೆ ನಾನು ಎಂಥವಳು? ಸುಳ್ಳಾದರೆ ನನ್ನ ತಲೆ ಕೆಟ್ಟಿದೆ. ಎರಡರಲ್ಲಿ ಯಾವುದಾದರೂ ನಾನು ಇನ್ನು ಯಾರ ಕತ್ತಿಗೂ ಕೈ ಹಾಕಬಾರದು.”

ನೀನು ಅಂದುಕೊಂಡದ್ದು ತಪ್ಪು, ಪಂಪಿ. ಬೆನ್ನಿಗೆ ಹತ್ತಿದ್ದು ತಂತಿಯ ಮೇಲಿದ್ದ ಟವೆಲ್ಲು. ಗಾಳಿಗೆ ಜಾರಿ ನಿನ್ನ ಮೇಲೆ ಬಿತ್ತು. ಆಮೇಲೆ ನಾನೇ ಎತ್ತಿ ಒಣಹಾಕಿದೆ. ನಾನು ತಟ್ಟಲಿಲ್ಲ. ಅವತ್ತು ಮಾತ್ರವಲ್ಲ, ನಾನು ಎಂದೂ ತಟ್ಟಿದವಳೇ ಅಲ್ಲ. ಅದನ್ನು ನಿನಗೆ ಅರ್ಥ ಮಾಡಿಸಬೇಕು ಅಂತಲೇ ಈ ಪತ್ರ.

ಲಾಕ್‌ಡೌನ್ ನೆನಪು ಮಾಡಿಕೋ. ನೀನು ಸೇರಿ ಇನ್ನೂ ವರ್ಷವಾಗಿರಲಿಲ್ಲ. ಮಾರೇಶ್ ಸರ್ ಕಲಿಸುತ್ತಿದ್ದ ಹೊಸಪೇಟೆಯ ಆ ಲಾರಿ ಶೆಡ್ಡಿಗೆ ಬೀಗ ಬಿತ್ತು. ಈ ವಿದ್ಯೆ ಒಬ್ಬರೇ ಮಾಡುವಂಥದ್ದಲ್ಲ, ಕೆಳಗೆ ಒಂದು ಮೈ ಬೇಕು. ನೀನು ದಿಂಬಿಗೆ ಲುಂಗಿ ಸುತ್ತಿ ಅದರ ಕತ್ತು ಹಿಚುಕುತ್ತಿದ್ದೆ. ನೋಡಲಾರದೆ ನಾನೇ ಬಂದು ಮಲಗಿದೆ. ಹತ್ತು ಗೋಣಿಚೀಲ ಬಿಚ್ಚಿ ಜೋಡಿಸಿ ಹೊಲಿದು, ಒಳಗೆ ನೆಲ್ಲುಹುಲ್ಲು ತುಂಬಿ ಹಿತ್ತಲಲ್ಲಿ ಹಾಸಿದೆವು. ಮೈಯೆಲ್ಲ ನವೆ. ಆ ವರ್ಷ ಎಲ್ಲರ ಆಟ ನಿಂತಿತು, ನಿನ್ನದು ನಿಲ್ಲಲಿಲ್ಲ. ಶೆಡ್ಡು ತೆರೆದ ಮೇಲೂ ನಮ್ಮದು ನಿಲ್ಲಲಿಲ್ಲ. ಬೆಳಿಗ್ಗೆ ನನ್ನ ಮೇಲೆ, ಸಂಜೆ ಅಲ್ಲಿನವರ ಮೇಲೆ. ಮಗಳು ಇಷ್ಟು ಬೇಗ ಹೇಗೆ ಮೇಲೆ ಬಂದಳು ಅಂತ ಮಾರೇಶ್ ಸರ್ ಬೆರಗಾಗುತ್ತಾರೆ. ನನ್ನನ್ನು ಕೇಳಿದ್ದರೆ ಹೇಳುತ್ತಿದ್ದೆ.

ಅವರು ಅವತ್ತೇ ವಿಡಿಯೋ ಕಾಲಿನಲ್ಲಿ ನನಗೆ ತಾಕೀತು ಮಾಡಿದ್ದರು. ಅವ್ವಾ, ತಡಕೊಳ್ಳಾಕ ಆಗಲ್ಲ ಅನಿಸಿದ ಕೂಡಲೇ ಎರಡು ಸಲ ತಟ್ರಿ. ಕೈ ಸಿಕ್ಕೊಂಡಿದ್ರ ಬಾಯಿಲೆ ಸಾಕು ಅನ್ರಿ. ತಟ್ಟೋದು ಅವಮಾನ ಅಲ್ಲ, ಅದ ಕಾಯ್ದೆ ಅಂದರು. ಹೂಂ ಅಂದೆ. ನಿಮ್ಮಪ್ಪ ಬಾಗಿಲಲ್ಲಿ ನಿಂತು ಕೇಳುತ್ತಿದ್ದ. ಕಂಪ್ಲಿ ಗರಡಿಯ ಹಳೇ ಪೈಲ್ವಾನ ಕಾಳಪ್ಪ ಸುಮ್ಮನಿರುತ್ತಾನಾ? ನಮ್ಮ ಮಣ್ಣಾಗ ಯಾರೂ ತಾವಾಗೇ ಸಾಕು ಅನ್ನಂಗಿಲ್ಲ, ಬೆನ್ನು ನೆಲಕ್ಕ ಹತ್ತಬೇಕು, ಅವಾಗ ಮುಗೀತು ಅಂದ. ಮೀಸೆ ಮೇಲೆ ಕೈ ಬೇರೆ. ನೀನು ಹತ್ತು ವರ್ಷದವಳಿದ್ದಾಗ ಅದೇ ಗರಡಿಯ ಅಖಾಡಕ್ಕೆ ಒಂದು ಕಾಲಿಟ್ಟೆ ಅಂತ, ಹೆಣ್ಣು ತುಳಿದ ಮಣ್ಣು ಅಂತ, ಮೂರು ದಿನ ಅಗೆದು ಮಜ್ಜಿಗೆ ಅರಿಶಿನ ಹಾಕಿ ಮತ್ತೆ ಹದ ಮಾಡಿದ್ದರು. ಅವತ್ತು ನಿಮ್ಮಪ್ಪ ಒಂದು ಮಾತಾಡಲಿಲ್ಲ. ನಾನು ಹೊರಗೆ ನಿನ್ನ ಕಾಲು ತೊಳೆಯುತ್ತಾ ಹಲ್ಲು ಕಡಿದಿದ್ದೆ. ಈ ಹೊಸ ಅಖಾಡದಲ್ಲಿ ನನ್ನ ಮಗಳ ಎದುರು ನಾನು ಸಾಕು ಅಂದರೆ, ಆ ಗರಡಿಯವರು ಗೆದ್ದಂತೆ ಅನ್ನಿಸಿತು. ಎಂಥ ಮೂರ್ಖತನ ನೋಡು. ಕಾಯ್ದೆ ಒಂದು ಊರಿನದು, ಮರ್ಯಾದೆ ಇನ್ನೊಂದು ಊರಿನದು ಹಿಡಿದುಕೊಂಡು ನಿನ್ನ ಕೆಳಗೆ ಮಲಗಿದೆ.

ತಡೆದುಕೊಳ್ಳುವುದನ್ನು ಕಲಿಸಿದವಳು ನೀನೇ. ಮನಸ್ಸಿನ ಪಾಠ ಹೊಸದಾಗಿ ಕಲಿತು ಬಂದು ನನಗೂ ಹೇಳಿಕೊಟ್ಟೆಯಲ್ಲ. ಅವ್ವಾ, ಭಯ ಆದಾಗ ಕಣ್ಣು ಮುಚ್ಚಿ ನಿನಗ ತಂಪನಿಸೋ ಒಂದು ಜಾಗಕ್ಕ ಹೋಗು, ಉಸಿರು ಸಣ್ಣಗ ಮಾಡು ಅಂದೆ. ನನಗೆ ತಂಪಿನ ಜಾಗ ಅಂದರೆ ತವರೂರು ಮಲಪನಗುಡಿಯ ಆ ಹಳೇ ಮೆಟ್ಟಿಲ ಬಾವಿ. ನೀನು ಕತ್ತು ಹಿಡಿದ ಕೂಡಲೇ ನಾನು ಬಾವಿಗೆ ಇಳಿಯುತ್ತಿದ್ದೆ. ಬಿಗಿ ಹೆಚ್ಚಾದಂತೆ ಒಂದೊಂದು ಮೆಟ್ಟಿಲು. ಕಲ್ಲು ತಣ್ಣಗೆ ಕಾಲಿಗೆ ಹತ್ತುತ್ತಿತ್ತು. ಅಷ್ಟರಲ್ಲಿ ನೀನೇ ಬಿಡುತ್ತಿದ್ದೆ. ಐದು ವರ್ಷದಲ್ಲಿ ನಾನು ಎಷ್ಟು ಮೆಟ್ಟಿಲು ಇಳಿಯುವಷ್ಟು ಗಟ್ಟಿಯಾದೆ ಅಂದರೆ ನಿನ್ನ ಗುರುಗಳು ಬೆಲ್ಟ್ ಕಟ್ಟಬೇಕಾದದ್ದು ನನಗೆ.

ನಗು ಬಂತಾ? ಬಂದಿದ್ದರೆ ಅಲ್ಲೇ ನಿಲ್ಲಿಸಿ ಸ್ವಲ್ಪ ನಕ್ಕು ಮುಂದೆ ಓದು. ಮುಂದಿನದು ನಗುವಂಥದ್ದಲ್ಲ.

ನಾನು ತಟ್ಟುತ್ತಿರಲಿಲ್ಲವಾದ್ದರಿಂದ ಯಾವಾಗ ಬಿಡಬೇಕು ಅಂತ ನೀನೇ ಅಂದಾಜು ಮಾಡಬೇಕಾಗುತ್ತಿತ್ತು. ಕಿವಿಯನ್ನು ನನ್ನ ಮೂಗಿನ ಹತ್ತಿರ ಇಟ್ಟು ಉಸಿರು ಕೇಳುತ್ತಿದ್ದೆ. ಸ್ವಲ್ಪ ಏರುಪೇರಾದರೆ ಸಾಕು, ಬಿಟ್ಟುಬಿಡುತ್ತಿದ್ದೆ. ಅದು ನಿನ್ನ ಮೈಗೆ ಹತ್ತಿಹೋಯಿತು. ಡಿಸೆಂಬರಿನಲ್ಲಿ ಬೆಂಗಳೂರಿನ ಪಂದ್ಯದಲ್ಲಿ ಆ ಬೆಳಗಾವಿ ಹುಡುಗಿಯ ಕತ್ತು ನಿನ್ನ ತೋಳಲ್ಲಿ ಪೂರ್ತಿ ಸಿಕ್ಕಿತ್ತು. ಅವಳು ಒಮ್ಮೆ ಉಸಿರು ಎಳೆದುಕೊಂಡಳು, ನೀನು ಸಡಿಲ ಬಿಟ್ಟೆ. ಅವಳು ತಿರುಗಿ ಗೆದ್ದಳು. ನಿನ್ನ ಪಟ್ಟಿನಾಗ ತಪ್ಪಿಲ್ಲ, ಮನಸ್ಸು ಕೊನಿಗೆ ಬಿಟ್ಟುಕೊಡ್ತದ ಅಂತ ಮಾರೇಶ್ ಸರ್ ಅಂದರಂತೆ. ಕೈ ಸಡಿಲಿಸಬೇಕು ಅನ್ನಿಸಿದ ಮೇಲೆ ಇನ್ನೂ ಮೂರು ಉಸಿರು ಹಿಡಿ, ಎದುರಿಗಿದ್ದವಳು ತಟ್ಟೋ ತನಕ ಅವಳ ಉಸಿರು ಕೇಳಬ್ಯಾಡ ಅಂತ ಹೇಳಿಕೊಟ್ಟರಂತೆ. ಅವರದೂ ತಪ್ಪಿಲ್ಲ. ಮನೆಯಲ್ಲಿ ಒಬ್ಬಳು ತಟ್ಟದೆ ಮಲಗುತ್ತಾಳೆ ಅಂತ ಅವರಿಗೆ ಯಾರು ಹೇಳಿದ್ದರು? ನೀನು ತಿಂಗಳು ಪೂರ್ತಿ ಬೆಳಿಗ್ಗೆ ಎದ್ದು ಕಣ್ಣು ಮುಚ್ಚಿ ಕೂತು ಆ ಮೂರು ಉಸಿರನ್ನೇ ಕಲಿತೆ. ನೋಟ್‌ಬುಕ್ಕಿನಲ್ಲಿ ಒಂದು ಪುಟದ ತುಂಬ ಒಂದೇ ಮಾತು ಬರೆದಿದ್ದೀ, ಉಸಿರು ಕೇಳಬಾರದು, ಉಸಿರು ಕೇಳಬಾರದು. ನನ್ನ ಉಸಿರು ಕೇಳಿಯೇ ನೀನು ಮಲಗುತ್ತಿದ್ದ ಕಾಲ ಒಂದಿತ್ತು.

ಹಾಗಾಗಿ ನಿನ್ನ ಆ ಕೆಟ್ಟ ಚಟ ನಾನು ಹಚ್ಚಿದ್ದು. ಅದನ್ನು ಬಿಡಿಸಿಕೊಳ್ಳಲು ನೀನು ಕಲಿತ ಪಾಠವೂ ನನ್ನ ಮೇಲೇ ಬಿತ್ತು. ನ್ಯಾಯವಾಗಿಯೇ ಇದೆ.

ಅವತ್ತು ಶುಕ್ರವಾರ. ಸಂಕ್ರಾಂತಿಯ ಎಳ್ಳು ಇನ್ನೂ ಡಬ್ಬಿಯಲ್ಲಿತ್ತು. ನನ್ನ ಬಲಗೈಯನ್ನು ನನ್ನ ಕತ್ತಿಗೇ ಒತ್ತಿ, ನಿನ್ನ ತೋಳಲ್ಲಿ ಎರಡನ್ನೂ ಸೇರಿಸಿ ಬಿಗಿಯುವ ಆ ಪಟ್ಟು. ನಾನು ಬಾವಿಗೆ ಇಳಿದೆ. ಆಮೇಲೆ ಕಣ್ಣು ಬಿಟ್ಟಾಗ ನೀನು ನನ್ನ ಕೆನ್ನೆ ಬಡಿಯುತ್ತಾ ಊರೆಲ್ಲ ಕೇಳುವ ಹಾಗೆ ಕೂಗುತ್ತಿದ್ದೆ. ಯವ್ವಾ ತಟ್ಟಿದ್ಯಾ, ತಟ್ಟಿದ್ಯಾ ಅಂತ ಅದೊಂದನ್ನೇ ಕೇಳಿದೆ. ಇಲ್ಲ ಅಂದೆ. ನೀನು ನನ್ನ ಮುಖವನ್ನು ಹೇಗೆ ನೋಡಿದೆ ಅಂದರೆ, ನನಗೆ ನೀರು ಕೂಡ ಕೇಳಲು ಭಯವಾಯಿತು. ಮಧ್ಯಾಹ್ನ ನಾನು ಎಮ್ಮೆಗೆ ಹುಲ್ಲು ಹಾಕಿ ಬರುವಷ್ಟರಲ್ಲಿ ನಿನ್ನ ಚೀಲ ಇರಲಿಲ್ಲ.

ನನಗೆ ಏನೂ ಆಗಿಲ್ಲ. ಕತ್ತಿನ ನೋವು ಇಳಿದಿದೆ. ಕೈ ಚೆನ್ನಾಗಿದೆ. ನಾಟಿಗೆ ಈ ವಾರ ಹೋಗಿಲ್ಲ, ಸುಮ್ಮನೆ ಬೇಜಾರಾಗಿ. ದುರ್ಗಕ್ಕ ನಿನಗೆ ಫೋನು ಗೀನು ಮಾಡಿ, ಜಂಬವ್ವ ಸಸಿ ಕಟ್ಟು ಕೈಯಾಗಿಂದ ಬೀಳಿಸ್ತಾಳ ಅಂತ ಏನಾದರೂ ಹೇಳಿದರೆ ನಂಬಬೇಡ. ಅವಳಿಗೆ ಬಾಯಿ ಜಾಸ್ತಿ.

ಈಗ ನನ್ನ ಮಾತು ಕೇಳು. ಭಾನುವಾರ ಬೆಳಿಗ್ಗೆ ಹೊಸಪೇಟೆಗೆ ಬಾ. ನಿನ್ನ ಬಿಳಿ ಅಂಗಿಯನ್ನು ಎರಡು ಸಲ ಒಗೆದಿದ್ದೇನೆ, ಆ ಶೆಡ್ಡಿನ ಅದಿರು ಧೂಳು ಹೋಗುವುದೇ ಇಲ್ಲ, ಕೆಂಪಾಗಿಯೇ ಇದೆ. ನಿಮ್ಮಪ್ಪನೂ ಬರುತ್ತಾನಂತೆ. ಇಷ್ಟು ವರ್ಷ ನಿನ್ನ ಆಟ ನೋಡಲು ಒಂದು ದಿನ ಬಾರದವನು ನಿನ್ನೆ ಆ ಕಂದು ಬೆಲ್ಟನ್ನು ಮೊಳೆಯಿಂದ ತೆಗೆದು, ಮಡಿಸಿ, ಮತ್ತೆ ಬಿಚ್ಚಿ, ಮತ್ತೆ ಮಡಿಸಿ ಚೀಲದಲ್ಲಿ ಇಟ್ಟುಕೊಂಡ. ಈ ಪತ್ರ ತರುವವನೂ ಅವನೇ. ಅವನು ಬಾಗಿಲಲ್ಲಿ ನಿಂತರೆ ಒಳಗೆ ಅಡಗಬೇಡ. ಅವನಿಗೆ ನನ್ನ ಹಾಗೆ ಕೆಮ್ಮಲು ಬರುವುದಿಲ್ಲ, ಸುಮ್ಮನೆ ನಿಂತು ವಾಪಸ್ಸು ಬಂದುಬಿಡುತ್ತಾನೆ. ಆಮೇಲೆ ನಾನು ಏನು ಮಾಡಬೇಕು ಹೇಳು. ನನ್ನ ಹತ್ತಿರ ಇನ್ನು ಯಾರೂ ಇಲ್ಲ ಕಳಿಸಲು.

ನಾನು ತಟ್ಟಲಿಲ್ಲ. ನೀನು ತಪ್ಪು ಮಾಡಲಿಲ್ಲ. ಇದನ್ನು ಎಷ್ಟು ಸಲ ಬೇಕಾದರೂ ಬರೆದುಕೊಡುತ್ತೇನೆ. ನಿನ್ನ ನೋಟ್‌ಬುಕ್ಕಿನ ಆ ಪುಟ ಹರಿದುಹಾಕು, ಬೆಲ್ಟ್ ಕಟ್ಟಿಸಿಕೋ, ಮನೆಗೆ ಬಾ. ನೀನಿಲ್ಲದೆ ಬೆಳಿಗ್ಗೆ ಎಚ್ಚರವಾದರೆ ಆ ಹುಲ್ಲಿನ ಹಾಸಿಗೆಯ ಮೇಲೆ ಹೋಗಿ ಒಬ್ಬಳೇ ಮಲಗುತ್ತೇನೆ. ನೋಡಿದವರು ಹುಚ್ಚಿ ಅನ್ನುತ್ತಾರೆ.

ನಿನ್ನ ದಾರಿ ನೋಡುತ್ತಿರುವ,
ನಿನ್ನ ಅವ್ವ
ಜಂಬವ್ವ

ತಾ.ಕ.: ಅನ್ನದ ಅಗುಳು ಹಚ್ಚಿ ಲಕೋಟೆ ಮುಚ್ಚಿ ನಿಮ್ಮಪ್ಪನ ಚೀಲದಲ್ಲಿ ಇಟ್ಟಾಗಿತ್ತು. ಅವನು ಸ್ನಾನಕ್ಕೆ ಹೋಗಿದ್ದಾನೆ. ತೆಗೆದು ಬಿಚ್ಚಿದ್ದೇನೆ.

ಟವೆಲ್ಲು ತಂತಿಯ ಮೇಲೇ ಇತ್ತು, ಪಂಪಿ. ಅದು ನನ್ನ ಕೈ.

ಅವತ್ತು ನಾನು ಎಲ್ಲ ಮೆಟ್ಟಿಲು ಇಳಿದುಬಿಟ್ಟೆ. ನೀರು ಪಾದಕ್ಕೆ ಹತ್ತಿತು. ಎಂದೂ ಅಲ್ಲಿಯ ತನಕ ಹೋಗಿರಲಿಲ್ಲ. ನನಗೆ ಭಯವಾಯಿತು. ಮೇಲೆ ಬರಬೇಕು, ನಿನ್ನ ಮುಖ ನೋಡಬೇಕು ಅನ್ನಿಸಿತು. ಸಾಕು ಅನ್ನಲು ಗಂಟಲಿನಿಂದ ದನಿ ಹೊರಡಲಿಲ್ಲ. ಎಡಗೈಯಿಂದ ತಟ್ಟಿದೆ. ಮೂರು ಸಲ ತಟ್ಟಿದೆ. ಆದರೆ ಆ ಕೈಯಲ್ಲಿ ದೀಪಾವಳಿಯಿಂದಲೇ ಶಕ್ತಿ ಇಲ್ಲ. ಲೋಟ ನಿಲ್ಲುವುದಿಲ್ಲ, ಸಸಿ ನಿಲ್ಲುವುದಿಲ್ಲ. ಗೊತ್ತಾದರೆ ನೀನು ನನ್ನ ಮೇಲೆ ಆಡುವುದನ್ನು ನಿಲ್ಲಿಸುತ್ತೀ, ಬೆಲ್ಟ್ ತಡವಾಗುತ್ತದೆ ಅಂತ ಮುಚ್ಚಿಟ್ಟೆ. ಹಾಗಾಗಿ ನಿನ್ನ ಬೆನ್ನಿಗೆ ಬಂದದ್ದು ಅಷ್ಟೇ. ಅಷ್ಟು ಕೂಡ ನಿನಗೆ ತಿಳಿಯಿತು. ನಿನ್ನ ತಲೆ ಕೆಟ್ಟಿಲ್ಲ. ನೀನು ಸರಿಯಾಗಿಯೇ ಬರೆದಿದ್ದೀ. ಇಲ್ಲ ಅಂದು ನಿನ್ನನ್ನು ಒಬ್ಬಳೇ ಮಾಡಿ ಕಳಿಸಿದವಳು ನಾನು.

ಕತ್ತಿನಲ್ಲಿ ನರ ಒತ್ತಿಕೊಂಡಿದೆ, ತಡ ಮಾಡಿದರೆ ಕೈ ಪೂರ್ತಿ ಹೋಗುತ್ತದೆ, ಬಳ್ಳಾರಿಯಲ್ಲಿ ಆಪರೇಷನ್ ಆಗಬೇಕು ಅಂತ ಡಾಕ್ಟರು ಹೇಳಿ ವಾರವಾಯಿತು. ಮಗಳ ಜೊತೆ ಬರ್ತೀನ್ರಿ ಅಂದು ಬಂದಿದ್ದೇನೆ. ನಿಮ್ಮಪ್ಪನಿಗೂ ಹೇಳಿಲ್ಲ. ಒಬ್ಬಳೇ ಹೋಗಲು ನನ್ನಿಂದ ಆಗುವುದಿಲ್ಲ. ಭಾನುವಾರ ಬೆಲ್ಟ್ ಕಟ್ಟಿಸಿಕೊಳ್ಳುತ್ತೀಯೋ ಬಿಡುತ್ತೀಯೋ ನಿನಗೆ ಬಿಟ್ಟದ್ದು.

ಕೈಲಾಗದಿದ್ದರೆ ಬಾಯಲ್ಲಾದರೂ ಹೇಳಬೇಕು ಅಂತ ಕಾಯ್ದೆ ಇದೆಯಲ್ಲ. ಐದು ವರ್ಷದಲ್ಲಿ ಒಂದು ಸಲವೂ ಹೇಳಿಲ್ಲ. ಈಗ ಹೇಳುತ್ತಿದ್ದೇನೆ. ಸಾಕು, ಪಂಪಿ. ಸಾಕು. ಬಾ.